ಮಳೆ ಬಿಟ್ಟ ಮೇಲೆ ತೋಟದಲ್ಲಿ ಮೊದಲು ಯಾವ ಕೆಲಸ?

ಪ್ರಶ್ನೆ: ನಾವು ಬೆಂಗಳೂರು ಬಿಟ್ಟು ಪೆರ್ಲದ ಹತ್ತಿರ ಗಂಡನ ಮನೆಗೆ ಬಂದು ಏಳು ತಿಂಗಳಾಯಿತು. ಮಾವ ಕಳೆದ ವರ್ಷ ತೀರಿಕೊಂಡರು. ಒಂದೂವರೆ ಎಕರೆ ಜಾಗ. ಸುಮಾರು 300 ಅಡಿಕೆ ಮರ, 25 ತೆಂಗು, ಅಡಿಕೆಗೆ ಹಬ್ಬಿಸಿದ ಒಳ್ಳೆಮೆಣಸು, ಒಂದು ಗಿಡ್ಡ ದನ, ಕರು. ಗುಡ್ಡದ ಬದಿಯಲ್ಲಿ ನೀರಿಗಾಗಿ ಅಡ್ಡ ಕೊರೆದ ಒಂದು ಸುರಂಗ, ಕೆಳಗೆ ನೀರು ಹರಿಯುವ ತೋಡು, ತೋಡಿನ ಬದಿಯಲ್ಲಿ ಹಡಿಲು ಬಿದ್ದ ಸಣ್ಣ ಗದ್ದೆ. ಮಳೆ ಬಿಡುತ್ತಾ ಬಂತು. ಈಗ ಎಲ್ಲ ಕೆಲಸವೂ ಒಟ್ಟಿಗೆ ಬಂದು ನಿಂತ ಹಾಗೆ ಕಾಣುತ್ತಿದೆ. ಅತ್ತೆ "ನಿರ್ನಾಲಿನಲ್ಲಿ ಇದು, ಬೊಂತೆಲಿನಲ್ಲಿ ಅದು" ಎನ್ನುತ್ತಾರೆ. ಮೊಬೈಲಿನಲ್ಲಿ ನೋಡಿದರೆ ಬೇರೆಯೇ ಹೇಳುತ್ತಾರೆ. ಕೆಲಸಕ್ಕೆ ವಾರಕ್ಕೆ ಎರಡು ದಿನ ಒಬ್ಬರು ಬರುತ್ತಾರೆ, ಅವರು ಹುಲ್ಲಿಗೆ ಮದ್ದು ಹೊಡೆದರೆ ಸುಲಭ ಎನ್ನುತ್ತಾರೆ. ಅತ್ತೆಗೆ ತೋಟವನ್ನು ಪೂರ್ತಿ ಕೆತ್ತಿ ಚೊಕ್ಕ ಮಾಡಬೇಕು. ಮೊದಲು ಯಾವುದು ಮಾಡಬೇಕು, ಯಾವುದನ್ನು ಬಿಟ್ಟರೆ ನಡೆಯುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿಮ್ಮ ಅತ್ತೆಯ ಮಾತು. ಅವರು ತಿಂಗಳ ಹೆಸರು ಹೇಳಿ ಕೆಲಸ ಹೇಳುವಾಗ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಅವು ತುಳು ತಿಂಗಳುಗಳು. ನಿರ್ನಾಲ್ ಅಂದರೆ ಕನ್ಯಾ ಮಾಸ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಬೊಂತೆಲ್ ಅಂದರೆ ತುಲಾ, ಜಾರ್ದೆ ಅಂದರೆ ವೃಶ್ಚಿಕ. ಅವರು ಹೇಳುವ ಕ್ರಮಕ್ಕೆ ಕಾರಣವಿದೆ. ಅದನ್ನು ಅವರು ಬಿಡಿಸಿ ಹೇಳಲಿಕ್ಕಿಲ್ಲ, ಮಾಡಿ ಮಾಡಿ ಕೈಗೆ ಬಂದದ್ದು.

ನಾನು ಕೃಷಿ ಇಲಾಖೆಯಲ್ಲಿ ಇದ್ದಷ್ಟು ವರ್ಷವೂ, ಈಗ ನಿವೃತ್ತನಾಗಿ ನನ್ನದೇ ತೋಟ ನೋಡಿಕೊಳ್ಳುವಾಗಲೂ ಒಂದು ಲೆಕ್ಕ ಹಿಡಿದಿದ್ದೇನೆ. ಮಣ್ಣಿನಲ್ಲಿ ಪಸೆ ಇರುವಾಗ ಮಾಡಬೇಕಾದ ಕೆಲಸ ಮೊದಲು. ಬಿಸಿಲು ಗಟ್ಟಿಯಾದ ಮೇಲೆ ಮಾಡುವ ಕೆಲಸ ಆಮೇಲೆ. ತೋಡು ಇಳಿದ ಮೇಲೆ ಮಾಡುವ ಕೆಲಸ ಕೊನೆಗೆ. ಎರಡೇ ಜೊತೆ ಕೈ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಪಟ್ಟಿ ನನಗೆ ಸಿಕ್ಕಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಆಮೇಲೆ ತುಲಾ ಮಳೆ. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಜೊತೆ ಬಂದು ಹೋಗುತ್ತದೆ, ಒಂದು ವರ್ಷ ಚೆನ್ನಾಗಿ ಬರುತ್ತದೆ, ಇನ್ನೊಂದು ವರ್ಷ ಹೆಸರಿಗೆ ಮಾತ್ರ. ಇಷ್ಟು ಮಳೆ ಬಿದ್ದ ಊರಿನಲ್ಲಿ ಶಿವರಾತ್ರಿ ಹೊತ್ತಿಗೆ ಕೆರೆಯ ತಳ ಕಾಣುತ್ತದೆ, ಅಲ್ವಾ? ನಮ್ಮದು ಮುರಕಲ್ಲಿನ ಇಳಿಜಾರು ನೆಲ. ನೀರು ನಿಲ್ಲುವುದಿಲ್ಲ. ಕೊನೆಯ ದೊಡ್ಡ ಮಳೆ ಆಗಿ ಆರು ವಾರ ಕಳೆಯುವುದರೊಳಗೆ ಮೇಲಿನ ಮಣ್ಣು ಕಲ್ಲಿನ ಹಾಗೆ ಆಗುತ್ತದೆ. ಆ ಆರು ವಾರವೇ ನಿಮ್ಮ ಕೈಯಲ್ಲಿರುವ ಸಮಯ.

ಹಾಗಾಗಿ ಈ ವಾರ ಕೆಲಸದವರು ಬಂದಾಗ ಮೊದಲು ಅಡಿಕೆಯ ಬುಡ. ಬುಡ ಬಿಡಿಸಿ ಗೊಬ್ಬರ ಕೊಡಲು ಸೆಪ್ಟೆಂಬರ್, ಅಕ್ಟೋಬರ್ ಸರಿಯಾದ ಕಾಲ. ಅದಕ್ಕೆ ಒಂದು ಪರೀಕ್ಷೆ ಇದೆ. ಮರದಿಂದ ಎರಡು ಅಡಿ ದೂರದಲ್ಲಿ ಹಾರೆಯಿಂದ ಒಂದು ಗೇಣು ಅಗೆಯಿರಿ. ಒಂದು ಹಿಡಿ ಮಣ್ಣು ತೆಗೆದು ಬಿಗಿಯಾಗಿ ಅಮುಕಿ, ಕೈ ಬಿಡಿಸಿ ನೋಡಿ. ಬೆರಳಿನ ಸಂದಿಯಲ್ಲಿ ನೀರು ಜಿನುಗಿದರೆ ಇನ್ನೂ ನಾಲ್ಕು ದಿನ ಕಾಯಿರಿ. ಈಗ ಹಾಕಿದ ಯೂರಿಯಾ ನೀರಿಳಿಯುವ ಕಣಿಯಲ್ಲಿ ಹರಿದು ಹೋಗುತ್ತದೆ. ಮಣ್ಣು ಉಂಡೆಯಾಗಿ ನಿಂತು, ಹೆಬ್ಬೆರಳಿನಿಂದ ತಟ್ಟಿದರೆ ಒಡೆಯುವ ಹಾಗಿದ್ದರೆ ಅದೇ ಹದ. ಅಮುಕಿದರೂ ಉಂಡೆ ಆಗದೆ ಪುಡಿಯಾದರೆ ತಡವಾಗಿದೆ, ನೀರು ಬಿಟ್ಟೇ ಗೊಬ್ಬರ ಕೊಡಬೇಕು.

ಪ್ರಮಾಣ ಹೇಳುತ್ತೇನೆ. ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು. ಅಂಗಡಿಯ ಲೆಕ್ಕದಲ್ಲಿ ಸುಮಾರು 220 ಗ್ರಾಂ ಯೂರಿಯಾ, 200 ಗ್ರಾಂ ರಾಕ್ ಫಾಸ್ಫೇಟ್, 230 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಇದರಲ್ಲಿ ಅರ್ಧ ಈಗ. ನೀರು ಬಿಡುವ ತೋಟವಾದರೆ ಉಳಿದರ್ಧ ಫೆಬ್ರವರಿಯಲ್ಲಿ, ನೀರಿಲ್ಲದಿದ್ದರೆ ಬೇಸಿಗೆ ಮಳೆ ಬಿದ್ದ ಮೇಲೆ. ನಮ್ಮ ಹುಳಿ ಮಣ್ಣಿಗೆ ರಾಕ್ ಫಾಸ್ಫೇಟ್ ಚೆನ್ನಾಗಿ ಹೊಂದುತ್ತದೆ. ಕೃಷಿ ಭವನದಲ್ಲಿ ಹೇಳಿ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿದರೆ ಈ ಲೆಕ್ಕವನ್ನು ನಿಮ್ಮ ತೋಟಕ್ಕೇ ಸರಿಯಾಗಿ ಇಳಿಸಬಹುದು. ಸುಣ್ಣದ ಪುಡಿಯನ್ನು ಇದರ ಜೊತೆ ಬೆರೆಸಬೇಡಿ. ಅದಕ್ಕೆ ಏಪ್ರಿಲ್, ಮೇ ತಿಂಗಳಿದೆ.

ರಾಸಾಯನಿಕ ಬೇಡ ಎಂದಿದ್ದರೆ ಅದು ನಿಮ್ಮ ಇಷ್ಟ. ಆದರೆ ಹಟ್ಟಿ ಗೊಬ್ಬರ ಬೇಕೇ ಬೇಕು. ಮರಕ್ಕೆ 12 ಕಿಲೋ ಗೊಬ್ಬರ, 12 ಕಿಲೋ ಹಸಿ ಸೊಪ್ಪು, ಇದು ಶಿಫಾರಸು. 300 ಮರಕ್ಕೆ ಗೊಬ್ಬರವೇ 3,600 ಕಿಲೋ ಆಯಿತು. ಒಂದು ಗಿಡ್ಡ ದನ, ಒಂದು ಕರು ಇರುವ ಹಟ್ಟಿಯಿಂದ ಅಷ್ಟು ಬರುವುದಿಲ್ಲ. ಇಲ್ಲಿ ಬಹಳ ಜನ ಮಾಡುವುದು ಏನೆಂದರೆ, ಇದ್ದದ್ದನ್ನೇ ಎಲ್ಲ ಮರಕ್ಕೂ ಒಂದೊಂದು ಬುಟ್ಟಿ ಹಂಚುವುದು. ನಾನು ಹಾಗೆ ಹೇಳುವುದಿಲ್ಲ. ಈ ವರ್ಷ ಅರ್ಧ ತೋಟಕ್ಕೆ ಸರಿಯಾಗಿ ಕೊಡಿ, ಮುಂದಿನ ವರ್ಷ ಇನ್ನರ್ಧಕ್ಕೆ. ಗೊಬ್ಬರ ಸಿಗದ ಅರ್ಧಕ್ಕೆ ಸೊಪ್ಪು ಜಾಸ್ತಿ ಹಾಕಿ. ಬೇಲಿಯಲ್ಲಿ ಗ್ಲಿರಿಸಿಡಿಯಾ ಇದ್ದರೆ ಈಗ ಸವರಿ ಬುಡಕ್ಕೆ ಹಾಕಲು ಒಳ್ಳೆಯ ಹೊತ್ತು. ಅಡಿಕೆ ತೋಟದ ಸೋಗೆ, ಹಾಳೆ, ಗೊನೆಯ ಕಸವೇ ಎಕರೆಗೆ ವರ್ಷಕ್ಕೆ ಎರಡು ಟನ್ನಿಗಿಂತ ಜಾಸ್ತಿ ಆಗುತ್ತದೆ. ಅದನ್ನು ಕೊಚ್ಚಿ ಸೆಗಣಿ ಬೆರೆಸಿ ಎರೆಹುಳ ಬಿಟ್ಟರೆ ನಿಮ್ಮ ಗೊಬ್ಬರದ ಕೊರತೆ ಎರಡು ವರ್ಷದಲ್ಲಿ ತೀರುತ್ತದೆ. ಸುಮ್ನೆ ಬೆಂಕಿ ಕೊಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಬುಡ ಬಿಡಿಸುವಾಗ ಮರದ ಸುತ್ತ ಎರಡೂವರೆ, ಮೂರು ಅಡಿ ಸಾಕು. ಆಳ ಅರ್ಧ ಅಡಿ. ಇಳಿಜಾರಿನ ತೋಟದಲ್ಲಿ ನಾನು ಪೂರ್ತಿ ಸುತ್ತು ಅಗೆಸುವುದಿಲ್ಲ. ಮೇಲಿನ ಬದಿಗೆ ಅರ್ಧ ಚಂದ್ರದ ಹಾಗೆ ತೆಗೆಸಿ, ಗೊಬ್ಬರ ಸೊಪ್ಪು ಹಾಕಿ, ಕಣಿಯಲ್ಲಿ ತುಂಬಿದ ಕೆಸರನ್ನು ಅದರ ಮೇಲೆ ಎಳೆಸುತ್ತೇನೆ. ಆ ಕೆಸರು ನಿಮ್ಮದೇ ತೋಟದ ಮೇಲ್ಮಣ್ಣು. ನಾಲ್ಕು ತಿಂಗಳ ಮಳೆಗೆ ಇಳಿದು ಬಂದದ್ದು ಮತ್ತೆ ಬುಡಕ್ಕೆ ಹೋಗಲಿ. ಕಣಿಯೂ ಚೊಕ್ಕ ಆಗುತ್ತದೆ, ತುಲಾ ಮಳೆಗೆ ನೀರು ನಿಲ್ಲುವುದಿಲ್ಲ. ಇದು ಒಂದೇ ಆಳಿನ ಒಂದೇ ಕೆಲಸ.

ದೀಪಾವಳಿಯಲ್ಲಿ ಬಲಿಯೇಂದ್ರನನ್ನು ಕರೆಯುವ ದಿನ ಹಟ್ಟಿಗೆ, ಗದ್ದೆಗೆ, ಗೊಬ್ಬರದ ಗುಂಡಿಗೂ ದೀಪ ತೋರಿಸುವ ಕ್ರಮ ನಮ್ಮ ಕಡೆಯ ಅನೇಕ ಮನೆಗಳಲ್ಲಿದೆ. ನಿಮ್ಮ ಮನೆಯಲ್ಲೂ ಇರಬಹುದು, ಅತ್ತೆಯನ್ನು ಕೇಳಿ. ಆ ದೀಪ ಇಡುವ ಹೊತ್ತಿಗೆ ಗುಂಡಿ ಖಾಲಿಯಾಗಿ ಗೊಬ್ಬರ ಮರದ ಬುಡ ಸೇರಿರಬೇಕು ಎಂದು ನೀವು ಗುರಿ ಇಟ್ಟುಕೊಳ್ಳಿ. ದೀಪಾವಳಿ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನೊಳಗೆ ಬರುತ್ತದೆ, ಪಸೆಯ ಲೆಕ್ಕಕ್ಕೂ ಅದು ಸರಿಹೋಗುತ್ತದೆ. ಖಾಲಿ ಗುಂಡಿಗೆ ಆ ಮೇಲೆ ತರಗೆಲೆ ತುಂಬಲು ಶುರು ಮಾಡಬಹುದು.

ಎರಡನೆಯದು ಮರದ ಮೈ. ಇದನ್ನು ಹೊಸಬರು ಬಿಟ್ಟುಬಿಡುತ್ತಾರೆ, ಯಾಕೆಂದರೆ ಬಿಟ್ಟರೆ ಆ ವರ್ಷ ಏನೂ ಕಾಣುವುದಿಲ್ಲ. ಸೆಪ್ಟೆಂಬರ್ 23ರ ನಂತರ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಮೋಡವೂ ಇಲ್ಲ. ಮಧ್ಯಾಹ್ನದ ಮೇಲಿನ ಬಿಸಿಲು ತೋಟದ ನೈಋತ್ಯ ಅಂಚಿನ ಮರಗಳ ಮೈಗೆ ನೇರ ಹೊಡೆಯುತ್ತದೆ. ನನ್ನ ತೋಟದ ಆ ಬದಿಯಲ್ಲಿ ಒಂದು ದೊಡ್ಡ ಹಲಸಿನ ಮರ ಇತ್ತು. ಒಂದು ಮಳೆಗಾಲದಲ್ಲಿ ಅದು ಬಿತ್ತು. ಅಂಚಿನ ಸಾಲಿಗೆ ನೆರಳು ಹೋಯಿತು ಎಂದು ನನಗೆ ಹೊಳೆಯಲೇ ಇಲ್ಲ. ಡಿಸೆಂಬರ್‌ನಲ್ಲಿ ನೋಡುತ್ತೇನೆ, ಹಸಿರು ಕಾಂಡದ ಮೇಲೆ ಅಂಗೈಯಷ್ಟು ಅಗಲದ ಹೊನ್ನಿನ ಬಣ್ಣದ ಮಚ್ಚೆ. ನೋಡಲು ಚಂದವೇ. ಬೇಸಿಗೆ ಮುಗಿಯುವಾಗ ಅದು ಕಂದು ಆಯಿತು, ಉದ್ದಕ್ಕೆ ಸಣ್ಣ ಸೀಳು ಬಿತ್ತು. ಉಗುರಿನಿಂದ ಒತ್ತಿದರೆ ಒಳಗೆ ಮೆದು. ಮರ ಗೊನೆ ಬಿಡುತ್ತಲೇ ಇತ್ತು. ಮೂರನೆಯ ವರ್ಷ ಜೂನ್ ತಿಂಗಳ ಒಂದು ಗಾಳಿಗೆ 11 ಮರ ಅದೇ ಸೀಳಿದ ಜಾಗದಲ್ಲಿ ಮುರಿದು ಬಿದ್ದವು. ಇಪ್ಪತ್ತು ವರ್ಷದ ಮರಗಳು. ಆ ಸಾಲಿನ ಮುಂದೆ ಹೋಗುವಾಗ ಈಗಲೂ ಬೇಸರವಾಗುತ್ತದೆ.

ಅದಕ್ಕೆ ಮದ್ದು ಬಹಳ ಸುಲಭ. ಬಿದ್ದ ಅಡಿಕೆ ಹಾಳೆಗಳನ್ನೇ ಕಾಂಡಕ್ಕೆ ಸುತ್ತಿ, ಬಾಳೆಯ ನಾರಿನಲ್ಲೋ ಪ್ಲಾಸ್ಟಿಕ್ ದಾರದಲ್ಲೋ ಕಟ್ಟಿ. ಇಲ್ಲದಿದ್ದರೆ ಸುಣ್ಣ ಬಳಿಯಿರಿ. ನೈಋತ್ಯ ಬದಿಗೆ ಮಾತ್ರ ಸಾಕು, ಅಂಚಿನ ಸಾಲಿಗೆ ಮಾತ್ರ ಸಾಕು. ತೋಟದ ನಡುವೆ ಒಂದು ಮರ ಸತ್ತು ಬಿಸಿಲು ಒಳಗೆ ಬೀಳುವ ಜಾಗವಿದ್ದರೆ ಅದರ ಪಕ್ಕದ ಮರಗಳಿಗೂ. ನಿಮ್ಮ 300 ಮರದಲ್ಲಿ ಇದು 25, 30 ಮರದ ಮಾತು, ನೀವಿಬ್ಬರೇ ಎರಡು ಬೆಳಿಗ್ಗೆಯಲ್ಲಿ ಮುಗಿಸಬಹುದು. ತುಲಾ ಸಂಕ್ರಮಣದ ಒಳಗೆ ಮುಗಿಸಿ.

ಹಾಳೆಯ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ತೋಟದಲ್ಲಿ ಬಿದ್ದ ಹಾಳೆಯಲ್ಲಿ ಮಳೆ ನೀರು ನಿಲ್ಲುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ಅದು ಹೇಳಿ ಮಾಡಿಸಿದ ತೊಟ್ಟಿಲು. ತೋಟಕ್ಕೆ ಹೋದಾಗಲೆಲ್ಲ ಕವಚಿ ಹಾಕುತ್ತಾ ಬನ್ನಿ, ಇಲ್ಲವೇ ಹೆಕ್ಕಿ ತಂದು ಕೊಚ್ಚಿ ದನಕ್ಕೆ ಹಾಕಿ. ಗಿಡ್ಡ ದನಗಳು ಹಾಳೆಯನ್ನು ಚೆನ್ನಾಗಿ ತಿನ್ನುತ್ತವೆ. ಕಾಲಿನಲ್ಲಿ ಗಾಯ ಇದ್ದರೆ ಕಣಿಯ ನೀರಿಗೆ ಬರಿಗಾಲಲ್ಲಿ ಇಳಿಯಬೇಡಿ. ಇಲಿಜ್ವರ ಬರುವುದು ಹೀಗೆಯೇ. ಜ್ವರ, ಮೈಕೈ ನೋವು ಕಂಡರೆ ತೋಟದಲ್ಲಿ ಕೆಲಸ ಮಾಡಿದ್ದೇನೆ ಎಂದು ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ.

ಈಗ ಹುಲ್ಲಿನ ಜಗಳ. ನಿಮ್ಮ ಅತ್ತೆಗೆ ತೋಟ ಅಂಗಳದ ಹಾಗೆ ಇರಬೇಕು. ಕೆಲಸದವರಿಗೆ ಮದ್ದು ಹೊಡೆಯಬೇಕು. ಇಬ್ಬರ ಮಾತೂ ಬೇಡ. ಅತ್ತೆಯ ಉಳಿದ ಮಾತನ್ನೆಲ್ಲ ಕೇಳಿ, ಇದೊಂದನ್ನು ಮಾತ್ರ ಮೆಲ್ಲಗೆ ತಪ್ಪಿಸಿ. ಅವರ ಕಾಲದಲ್ಲಿ ಕೆತ್ತಿದ ಹುಲ್ಲು ಹಟ್ಟಿಗೆ ಹೋಗುತ್ತಿತ್ತು. ಹಟ್ಟಿಯಲ್ಲಿ ಏಳೆಂಟು ದನ ಇದ್ದವು, ಗೊಬ್ಬರವಾಗಿ ತಿರುಗಿ ಬರುತ್ತಿತ್ತು. ಈಗ ಕೆತ್ತಿದರೆ ಬರೀ ಮಣ್ಣು ಬಿಸಿಲಿಗೆ ತೆರೆದುಕೊಳ್ಳುತ್ತದೆ, ಇದ್ದ ಪಸೆಯೂ ಹಾರುತ್ತದೆ. ಮೆಶಿನಿನಲ್ಲಿ ಹುಲ್ಲು ಸವರಿಸಿ, ಸವರಿದ್ದು ಅಲ್ಲೇ ಬಿದ್ದಿರಲಿ. ನವೆಂಬರ್ ಮೊದಲ ವಾರದಲ್ಲಿ ಒಮ್ಮೆ ಸಾಕು. ಬೀಜ ಕಟ್ಟುವ ಮೊದಲು ಸವರಿದರೆ ಮುಂದಿನ ವರ್ಷಕ್ಕೂ ಒಳ್ಳೆಯದು. ಅಡಿಕೆ ಹೆಕ್ಕುವಾಗ ಕಾಣಬೇಕು ಎಂಬುದು ಅತ್ತೆಯ ಚಿಂತೆಯಾದರೆ, ಮರದ ಬುಡದ ಸುತ್ತ ಮಾತ್ರ ಕೈಯಲ್ಲಿ ಚೊಕ್ಕ ಮಾಡಿಕೊಡಿ.

ಕಳೆನಾಶಕದ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕೇರಳದಲ್ಲಿ ಗ್ಲೈಫೋಸೇಟ್ ಮಾರಾಟ, ಬಳಕೆಯನ್ನು 2019ರಲ್ಲೇ ಸರ್ಕಾರ ನಿಲ್ಲಿಸಿದೆ. ಗಡಿ ಹತ್ತಿರ, ಆಚೆಯಿಂದ ಒಂದು ಬಾಟಲಿ ತರುವುದು ಕಷ್ಟವಿಲ್ಲ. ತರಬೇಡಿ. ನಿಮ್ಮ ತೋಟದ ನೀರು ತೋಡಿಗೆ ಇಳಿಯುತ್ತದೆ, ತೋಡಿನ ಕೆಳಗೆ ಇನ್ನೊಬ್ಬರ ಬಾವಿ ಇದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳು ನಿಮ್ಮ ಮನೆಯಿಂದ ದೂರವಿಲ್ಲ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಆ ಮನೆಗಳಿಗೆ ನಾನು ಹೋಗಿದ್ದೇನೆ. ಮಕ್ಕಳನ್ನು ಎತ್ತಿಕೊಂಡೇ ದೊಡ್ಡ ಮಾಡಿದ ತಾಯಂದಿರ ಜೊತೆ ಕೂತಿದ್ದೇನೆ. ಎರಡು ದಿನದ ಹುಲ್ಲಿನ ಕೆಲಸ ಉಳಿಸಲು ಮದ್ದು ಎಂದು ಯಾರಾದರೂ ಹೇಳಿದರೆ ನನಗೆ ಆ ಮನೆಗಳೇ ಕಣ್ಣ ಮುಂದೆ ಬರುತ್ತವೆ.

ಅಡಿಕೆಯ ತಲೆಯ ಕಡೆಗೂ ಒಮ್ಮೆ ನೋಡಬೇಕು. ಮಳೆಗಾಲದಲ್ಲಿ ಕೊಳೆರೋಗ ಬಂದಿತ್ತಾ ಎಂದು ನೀವು ಬರೆದಿಲ್ಲ. ಬಂದಿದ್ದರೆ ಕಪ್ಪಾಗಿ ಒಣಗಿದ ಗೊನೆಗಳು ಮರದಲ್ಲೇ ಅಂಟಿಕೊಂಡಿರುತ್ತವೆ. ಮರ ಹತ್ತುವವರು ಸಿಕ್ಕ ದಿನ ಅವನ್ನು ತೆಗೆಸಿ ತೋಟದಿಂದ ಹೊರಗೆ ಹಾಕಿಸಿ. ಅದೇ ಶಿಲೀಂಧ್ರ ಅಲ್ಲಿಂದ ಸುಳಿಗೆ ಇಳಿದರೆ ಮರವೇ ಹೋಗುತ್ತದೆ. ತುಲಾ ಮಳೆ ಜೋರಾಗಿ ಹಿಡಿಯುವ ಲಕ್ಷಣ ಕಂಡರೆ ಶೇಕಡಾ 1ರ ಬೋರ್ಡೋ ದ್ರಾವಣ ಇನ್ನೊಮ್ಮೆ ಬಿಡಿಸಬಹುದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ಕತ್ತಿಯ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಮದ್ದು ಬಿಡುವವರು ಅವಸರದಲ್ಲಿ ಈ ಪರೀಕ್ಷೆ ಬಿಡುತ್ತಾರೆ, ನೀವೇ ಕತ್ತಿ ಹಿಡಿದು ನಿಲ್ಲಿ.

ಮರ ಹತ್ತುವ ಕೆಲಸ ಯಾವುದೇ ಇರಲಿ, ತುಲಾ ಮಾಸದಲ್ಲಿ ಮಧ್ಯಾಹ್ನದೊಳಗೆ ಮುಗಿಯಬೇಕು. ಮೂಡು ಬದಿಯಲ್ಲಿ ಮೋಡ ಕಪ್ಪಾಗಿ ಗುಡುಗು ಕೇಳಿದ ಕೂಡಲೇ ಕೆಳಗಿಳಿಸಿ. ಪಂಪಿನ ಫ್ಯೂಸ್ ತೆಗೆದಿಡಿ. ಇದರಲ್ಲಿ "ಇನ್ನೊಂದೇ ಮರ" ಎಂಬ ಮಾತಿಗೆ ಜಾಗ ಕೊಡಬೇಡಿ.

ತೆಂಗಿಗೆ ಜಾಸ್ತಿ ಹೇಳಲಿಕ್ಕಿಲ್ಲ. ವರ್ಷದ ಗೊಬ್ಬರದಲ್ಲಿ ಮೂರನೇ ಒಂದು ಪಾಲು ಮಳೆಗೆ ಮೊದಲು, ಮೂರನೇ ಎರಡು ಪಾಲು ಈಗ. ಈಗಿನ ಪಾಲು ಮರಕ್ಕೆ ಸುಮಾರು 725 ಗ್ರಾಂ ಯೂರಿಯಾ, ಒಂದು ಕಿಲೋ ರಾಕ್ ಫಾಸ್ಫೇಟ್, 1.3 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ಬುಡದಿಂದ ಆರು ಅಡಿಯವರೆಗೆ ಹರಡಿ. ಸುಳಿ ಕೊರೆಯುವ ಕುರುವಾಯಿ ದುಂಬಿಗೆ ಸುಳಿಯ ಹತ್ತಿರದ ಮೂರು ಮಡಲಿನ ಸಂದಿಗೆ 250 ಗ್ರಾಂ ಬೇವಿನ ಹಿಂಡಿ, ಅಷ್ಟೇ ಹೊಯ್ಗೆ ಬೆರೆಸಿ ತುಂಬಿಸಿ. ಕಾಯಿ ಕೀಳಲು ಜನ ಹತ್ತಿದಾಗಲೇ ಇದನ್ನು ಮಾಡಿಸಿದರೆ ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ.

ಒಳ್ಳೆಮೆಣಸಿನಲ್ಲಿ ಒಂದು ವಿಷಯ ಕಣ್ಣಿಟ್ಟು ನೋಡಿ. ಮಳೆಗಾಲದಲ್ಲಿ ಹಸಿರಾಗಿದ್ದ ಬಳ್ಳಿ ಅಕ್ಟೋಬರ್ ಕಳೆದ ಮೇಲೆ ಮೆಲ್ಲ ಮೆಲ್ಲ ಹಳದಿಯಾದರೆ ನೀರು ಕಡಿಮೆಯಾಯಿತು ಎಂದು ತಿಳಿದು ಸುಮ್ಮನಾಗುತ್ತೇವೆ. ಬೇರನ್ನು ಜಂತುಹುಳ ತಿಂದು, ಉಳಿದ ಬೇರಿಗೆ ಒಣ ಮಣ್ಣಿನಿಂದ ನೀರೆಳೆಯಲು ಆಗದೆ ಹಾಗೆ ಆಗುವುದೇ ಜಾಸ್ತಿ. ಇದು ನಿಧಾನ ಸೊರಗು. ಮುಂದಿನ ಮಳೆಗೆ ಮತ್ತೆ ಚಿಗುರಿದ ಹಾಗೆ ಕಂಡು ನಮ್ಮನ್ನು ಮೋಸ ಮಾಡುತ್ತದೆ, ಎರಡು ಮೂರು ವರ್ಷದಲ್ಲಿ ಬಳ್ಳಿ ಹೋಗುತ್ತದೆ. ಬೇವಿನ ಹಿಂಡಿ ಮತ್ತು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ಗೊಬ್ಬರವನ್ನು ಪಸೆ ಇರುವಾಗಲೇ ಬುಡಕ್ಕೆ ಕೊಡಿ. ಅದೇ ವಾರ ಬುಡಕ್ಕೆ ಬೋರ್ಡೋ ಹೊಯ್ಯಬೇಡಿ, ತಾಮ್ರ ತಾಗಿದರೆ ಟ್ರೈಕೋಡರ್ಮಾ ಸಾಯುತ್ತದೆ. ನೆಲದಲ್ಲಿ ಹರಿದ ಹಬ್ಬು ಬಳ್ಳಿಗಳಲ್ಲಿ ಒಳ್ಳೆಯ ಬಳ್ಳಿಯದ್ದನ್ನು ಸುರುಳಿ ಸುತ್ತಿ ಗೂಟಕ್ಕೆ ಕಟ್ಟಿಡಿ, ನೆಲಕ್ಕೆ ಬೇರು ಬಿಡಬಾರದು. ಫೆಬ್ರವರಿಯಲ್ಲಿ ಅದನ್ನೇ ತುಂಡು ಮಾಡಿ ಗಿಡ ಮಾಡಿಕೊಳ್ಳಬಹುದು.

ಬಿಸಿಲಿನ ಕೆಲಸ ಎಂದೆನಲ್ಲ, ಅದು ಅಂಗಳ. ಮಳೆಗೆ ಪಾಚಿ ಹಿಡಿದ ಮೇಲ್ಮಣ್ಣನ್ನು ತೆಳ್ಳಗೆ ಕೆರೆದು ತೆಗೆಯಬೇಕು. ತಗ್ಗಿದ್ದಲ್ಲಿ ಕೆಂಪು ಮಣ್ಣು ಹಾಕಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿದು ಸಮ ಮಾಡಿ, ಮೇಲೆ ಸೆಗಣಿ ಸಾರಿಸಬೇಕು. ವೃಶ್ಚಿಕ ಹಿಡಿದ ಮೇಲೆಯೇ ಇದನ್ನು ಮಾಡಿ. ದೀಪಾವಳಿಗೆ ಅಂಗಳ ಚಂದ ಇರಲಿ ಎಂದು ಮೊದಲೇ ಸಾರಿಸಿದರೆ ಒಂದು ತುಲಾ ಮಳೆಗೆ ಎಲ್ಲ ಹೋಗುತ್ತದೆ. ಹಬ್ಬಕ್ಕೆ ಗುಡಿಸಿ ರಂಗೋಲಿ ಹಾಕಿದರೆ ಸಾಕು. ಸಿಮೆಂಟ್ ಅಂಗಳ ಇದ್ದರೆ ಈ ಕೆಲಸವೇ ಇಲ್ಲ.

ಮೊದಲ ಕೊಯ್ಲಿಗೂ ಅವಸರ ಬೇಡ. ಚಾಲಿ, ಅಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಸುಲಿದದ್ದು, ಆಗಲು ಅಡಿಕೆಗೆ 35ರಿಂದ 45 ದಿನದ ಒಳ್ಳೆಯ ಬಿಸಿಲು ಬೇಕು. ಒಂದರ ಮೇಲೊಂದು ಬೀಳದ ಹಾಗೆ ಹರಡಿ, ವಾರಕ್ಕೊಮ್ಮೆ ಮಗುಚಬೇಕು. ನಡುವೆ ಎರಡು ಸಲ ಮಳೆಗೆ ನೆನೆದರೆ ಬೂಸು ಒಳಗೆ ಇಳಿಯುತ್ತದೆ, ಸುಲಿದ ಮೇಲೆ ಕೆಟ್ಟ ಅಡಿಕೆಯ, ಅಂದರೆ ಕರಿಗೋಟಿನ ರಾಶಿ ಏಳುತ್ತದೆ. ಅಕ್ಟೋಬರ್‌ನಲ್ಲಿ ತಾನಾಗಿ ಉದುರಿದ ಹಣ್ಣಡಿಕೆಯನ್ನು ಮಾತ್ರ ಹೆಕ್ಕಿ, ಬೇರೆಯಾಗಿ ಒಣಗಿಸಿ ಬೇರೆ ಚೀಲದಲ್ಲಿಡಿ. ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡು ಇದ್ದರೆ ಅದಕ್ಕೆ ಅನುಕೂಲ. ಒಳ್ಳೆಯ ರಾಶಿಗೆ ಬೆರೆಸಿದರೆ ಇಡೀ ರಾಶಿಯ ದರ ಇಳಿಯುತ್ತದೆ.

ಬಿಟ್ಟರೆ ನಡೆಯುವ ಕೆಲಸ ಕೇಳಿದ್ದೀರಿ. ಹೊಸ ಗುಂಡಿ ತೆಗೆದು ಗಿಡ ನೆಡುವುದು ಈ ವರ್ಷ ಬೇಡ. ಬೇಲಿ ರಿಪೇರಿ ಫೆಬ್ರವರಿಗೆ ಹೋಗಲಿ. ಹಡಿಲು ಗದ್ದೆಯಲ್ಲಿ ಸುಗ್ಗಿ ಬೆಳೆ ಮಾಡುವ ಆಸೆ ಇದ್ದರೂ ಇರುವ ಕೈಗೆ ಅದು ಭಾರ. ಅದರ ಬದಲು ವೃಶ್ಚಿಕದಲ್ಲಿ ಒಂದು ಮೂಲೆಯಲ್ಲಿ ನಾಲ್ಕು ಸಾಲು ನಟ್ಟಿ ಮಾಡಿ. ಸೌತೆ, ಅಲಸಂಡೆ, ಹರಿವೆ ಸಾಕು. ಅತ್ತೆಯ ಹತ್ತಿರ ಸೌತೆಯ ಹಳೆ ಬೀಜ ಬೂದಿಯಲ್ಲಿ ಇಟ್ಟದ್ದು ಇದ್ದರೂ ಇರಬಹುದು. ಬಲಿತ ಸೌತೆಯನ್ನು ಬಾಳೆ ನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗಿಸಿದರೆ ಮುಂದಿನ ಮಳೆಗಾಲದ ಸಾಂಬಾರಿಗೆ ಆಗುತ್ತದೆ.

ಕೊನೆಗೆ ನೀರು. ನನ್ನ ಮನಸ್ಸು ಹೆಚ್ಚು ಇರುವುದು ಇಲ್ಲೇ. ನಿಮ್ಮ ತೋಡಿನಲ್ಲಿ ಹಿಂದೆ ಕಟ್ಟ ಕಟ್ಟುತ್ತಿದ್ದರಾ ಎಂದು ಅತ್ತೆಯನ್ನು ಕೇಳಿ. ಎರಡು ಸಾಲು ಕಲ್ಲು ಕಟ್ಟಿ ನಡುವೆ ಕೆಂಪು ಮಣ್ಣು ತುಂಬಿ, ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡುವ ತಾತ್ಕಾಲಿಕ ಒಡ್ಡು ಅದು. ಏತಡ್ಕದ ಕಟ್ಟಗಳು ಹೆಸರು ಪಡೆದವು, ನಿಮಗೆ ಹೋಗಿ ನೋಡಲು ದೂರವೂ ಅಲ್ಲ. ಒಂದು ಕಟ್ಟದ ಹಿಂದೆ ನಿಂತ ನೀರು ಎರಡೂ ಬದಿಯ ತೋಟಕ್ಕೆ ಇಂಗುತ್ತದೆ, ಬಾವಿ ಕೆರೆಗಳ ನೀರು ಬೇಗ ಇಳಿಯುವುದಿಲ್ಲ. ಒಂದೇ ತೋಡಿನಲ್ಲಿ ಸಾಲಾಗಿ ನಾಲ್ಕು ಕಟ್ಟ ಇದ್ದರೆ ಒಂದಕ್ಕೊಂದು ಬಲ.

ಆದರೆ ಹೊತ್ತು ತಪ್ಪಬಾರದು. ನಾನು ಒಂದು ವರ್ಷ ತುಲಾ ಮಳೆ ಬರಲಿಲ್ಲ, ತೋಡು ಬೇಗ ಇಳಿಯುತ್ತಿದೆ ಎಂದು ನವೆಂಬರ್ ಮೊದಲ ವಾರದಲ್ಲೇ ಕಟ್ಟ ಕಟ್ಟಿಸಿದೆ. ಆರು ಜನ ಎರಡು ದಿನ ದುಡಿದರು. ನೀರು ಮೊಣಕಾಲು ಮಟ್ಟ ಏರಿತು, ಮಕ್ಕಳು ಈಜಿದರು. ಒಂಬತ್ತನೆಯ ದಿನ ಸಂಜೆ ಗುಡ್ಡದ ಮೇಲೆ ಮಳೆ ಹೊಡೆಯಿತು. ರಾತ್ರಿ ತೋಡಿನ ಸದ್ದು ಬೇರೆಯಾದದ್ದು ಮಲಗಿದ್ದಲ್ಲಿಗೇ ಕೇಳಿತು. ಟಾರ್ಚ್ ಹಿಡಿದು ಹೋದಾಗ ನಡುವಿನ ಮಣ್ಣು ಆಗಲೇ ಕರಗಿ ಹೋಗಿತ್ತು. ಬೆಳಿಗ್ಗೆ ಕಲ್ಲುಗಳು ಕೆಳಗಿನ ಮನೆಯವರ ಗದ್ದೆಯಲ್ಲಿ ಬಿದ್ದಿದ್ದವು. ಅವರ ಅಲಸಂಡೆಯ ಸಾಲೂ ಹೋಗಿತ್ತು. ಅಂದಿನಿಂದ ನಾನು ನವೆಂಬರ್ 25ರ ಮೊದಲು ತೋಡಿಗೆ ಕಲ್ಲು ಇಳಿಸುವುದಿಲ್ಲ. ತಡ ಮಾಡಿ ಡಿಸೆಂಬರ್ ದಾಟಿಸುವುದೂ ಇಲ್ಲ, ಆಗ ತಡೆಯಲು ನೀರೇ ಇರುವುದಿಲ್ಲ.

ಈಗ ತುಳಿಯುವ ಜನ ಸಿಗುವುದು ಕಷ್ಟ. ಮರಳಿನ ಚೀಲ, ದಪ್ಪ ಪ್ಲಾಸ್ಟಿಕ್ ಶೀಟಿನಲ್ಲಿ ಮೂರು ಅಡಿಯ ಕಟ್ಟವನ್ನು ನಾಲ್ಕು ಜನ ಒಂದು ದಿನದಲ್ಲಿ ಕಟ್ಟಬಹುದು. ಶೀಟಿನ ಕೆಳ ಅಂಚನ್ನು ನೀರು ಬರುವ ಬದಿಗೆ ಎಳೆದು, ತೋಡಿನ ತಳದಲ್ಲಿ ಒಂದು ಅಡಿ ಚಡಿ ತೆಗೆದು ಹುಗಿಯಬೇಕು. ಇದನ್ನು ಮಾಡದಿದ್ದರೆ ನೀರು ಅಡಿಯಿಂದ ನುಸುಳುತ್ತದೆ, ಮೇಲೆ ಎಷ್ಟು ಚೀಲ ಇಟ್ಟರೂ ಫಲ ಇಲ್ಲ. ಕಟ್ಟುವ ಮೊದಲು ಮೇಲಿನ ಮನೆ, ಕೆಳಗಿನ ಮನೆ ಎರಡಕ್ಕೂ ಹೋಗಿ ಹೇಳಿ ಬನ್ನಿ. ಮೇ ತಿಂಗಳಲ್ಲಿ ಮಳೆಗೆ ಮೊದಲು ಶೀಟು, ಚೀಲ ಎಲ್ಲ ತೆಗೆದು ಮನೆಗೆ ತರಬೇಕು. ತೋಡಿನಲ್ಲಿ ಪ್ಲಾಸ್ಟಿಕ್ ಬಿಡಬಾರದು.

ಸುರಂಗದ ಒಳಗೆ ನೀವು ಹೋಗಬೇಡಿ. ಮಳೆಗಾಲದಲ್ಲಿ ಮಣ್ಣು ಕುಸಿದು ನೀರಿಗೆ ಅಡ್ಡ ಬಿದ್ದಿರಬಹುದು. ಅದನ್ನು ತೆಗೆಯಲು ಸುರಂಗ ತೋಡಿ ಅನುಭವ ಇರುವವರನ್ನೇ ಕರೆಸಿ. ಗಾಳಿ ಇದೆಯೇ, ಮೇಲಿನ ಮಣ್ಣು ಗಟ್ಟಿ ಇದೆಯೇ ಎಂದು ಅವರಿಗೆ ಗೊತ್ತಾಗುತ್ತದೆ. ನೀವು ಮಾಡಬೇಕಾದದ್ದು ಬಾಯಿಯಲ್ಲಿ ನಿಂತು ನೀರು ಅಳೆಯುವುದು. ಹತ್ತು ಲೀಟರಿನ ಕೊಡ ಹಿಡಿದು, ತುಂಬಲು ಎಷ್ಟು ಹೊತ್ತು ಬೇಕು ಎಂದು ಮೊಬೈಲಿನಲ್ಲಿ ನೋಡಿ, ದಿನಾಂಕ ಹಾಕಿ ಬರೆದಿಡಿ. ತಿಂಗಳಿಗೆ ಎರಡು ಸಲ. ಕೊಡ ಎರಡು ನಿಮಿಷಕ್ಕೆ ತುಂಬಿದರೆ ದಿನಕ್ಕೆ 7,200 ಲೀಟರ್ ಬಂತು. ಅಡಿಕೆಗೆ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು, 300 ಮರಕ್ಕೆ ಹೆಚ್ಚೆಂದರೆ 6,000 ಲೀಟರ್. ಅಂದರೆ ಸಾಕಾಗುತ್ತದೆ. ಬುಡಕ್ಕೆ ಪೈಪಿನಲ್ಲಿ ಬಿಡುವುದಾದರೆ ಒಂದು ಸಲಕ್ಕೆ ಮರಕ್ಕೆ 175 ಲೀಟರ್, ಚಳಿ ತಿಂಗಳಲ್ಲಿ ಏಳೆಂಟು ದಿನಕ್ಕೊಮ್ಮೆ. ಏಳು ದಿನಕ್ಕೊಮ್ಮೆ ಎಂದರೆ ದಿನಕ್ಕೆ 7,500 ಲೀಟರಿನ ಲೆಕ್ಕ ಬರುತ್ತದೆ, ಅದೇ ಸುರಂಗ ಸಾಲದಾಗುತ್ತದೆ.

ಈ ಅಳತೆಯನ್ನು ಈ ವಾರವೇ ಶುರು ಮಾಡಿ. ಮಕರ ಸಂಕ್ರಮಣದ ದಿನ ಕೊಡ ತುಂಬಲು ಎಷ್ಟು ಹೊತ್ತು ಬೇಕಾಯಿತು ಎಂದು ನನಗೆ ಬರೆಯಿರಿ. ಈಗಿನದ್ದಕ್ಕೂ ಆಗಿನದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡಿ, ಹನಿ ನೀರಾವರಿ ಹಾಕಬೇಕಾ, ಟ್ಯಾಂಕಿ ಎಷ್ಟು ದೊಡ್ಡದು ಬೇಕು ಎಂದು ಹೇಳುತ್ತೇನೆ.